ಮುಂದಿನ ಟಯರು ಹಳೆಯದು, ಹಿಂದಿನ ಟಯರು ಹೊಸದು



ಈ ಪತ್ರಿಕೆಯನ್ನು ಒಂದು ನಿಮಿಷ ಪಕ್ಕಕ್ಕಿಟ್ಟು, ಅಂಗಳಕ್ಕೆ ಹೋಗಿ, ನಿಮ್ಮ ಬೈಕಿನ ಎರಡು ಚಕ್ರಗಳನ್ನೂ ನೋಡಿ ಬನ್ನಿ. ಹಿಂದಿನ ಟಯರು ಒಂದು ಕಂಪನಿಯದು, ಮುಂದಿನದು ಇನ್ನೊಂದು ಕಂಪನಿಯದು, ಹೌದೋ ಅಲ್ಲವೋ? ಹಿಂದಿನದರ ಬಟನ್ನು ಇನ್ನೂ ಎದ್ದು ಕಾಣುತ್ತಿರುತ್ತದೆ, ಮುಂದಿನದು ಬೋಳಾಗಿರುತ್ತದೆ. ಬೆಳಗಿನ ಹಾಲಿನ ಹೊತ್ತಿಗೆ ನಮ್ಮೂರ ಡೈರಿಯ ಮುಂದೆ ನಿಲ್ಲುವ ಗಾಡಿಗಳಲ್ಲಿ ಹೆಚ್ಚಿನವು ಹೀಗೇ ಇವೆ. ನನ್ನದೂ ಹೀಗೇ ಇತ್ತು, ಕಳೆದ ಮಳೆಗಾಲದ ತನಕ.

ಪೇಟೆಯವರು ಇದನ್ನು ನೋಡಿ "ಹಳ್ಳಿಯವರಿಗೆ ತಿಳುವಳಿಕೆ ಸಾಲದು" ಅಂತಾರೆ. ತಿಳುವಳಿಕೆಯ ಮಾತು ಆಮೇಲೆ ಆಡೋಣ, ಇದು ಮೊದಲಿಗೆ ದುಡ್ಡಿನ ಮಾತು. ಎರಡು ಟಯರನ್ನು ಒಟ್ಟಿಗೆ ಕೊಳ್ಳುವ ರೈತ ಯಾರಿದ್ದಾನೆ ಸ್ವಾಮಿ? ಹಿಂದಿನದು ಬೇಗ ಸವೆಯುತ್ತದೆ, ಅದಕ್ಕೆ ಹಾಲಿನ ಬಟವಾಡೆ ಬಂದಾಗ ಹೇಗೋ ಹೊಂದಿಸುತ್ತಾನೆ. ಮುಂದಿನದನ್ನು "ಜೋಳ ಮಾರಿದ ಮೇಲೆ ನೋಡೋಣ" ಅಂತಾನೆ. ಜೋಳ ಮಾರಿದ ದಿವಸ ಆ ದುಡ್ಡಿಗೆ ಸೊಸೈಟಿಯವರು, ಗೊಬ್ಬರದ ಅಂಗಡಿಯವರು, ಬಡ್ಡಿಯವರು ಮೂವರು ಕಾದಿರುತ್ತಾರೆ. ಮುಂದಿನ ಟಯರು ಮತ್ತೆ ಮುಂದಿನ ಸುಗ್ಗಿಗೆ ಹೋಗುತ್ತದೆ.

ಹೀಗೆ ಹೋದ ಟಯರು ನನ್ನನ್ನು ಎಲ್ಲಿಗೆ ತಂದು ನಿಲ್ಲಿಸಿತು ಎಂದು ಹೇಳಿಬಿಡುತ್ತೇನೆ. ಹಿಂದಕ್ಕೆ ಹೊಸ ಬಟನ್ ಟಯರು ಹಾಕಿಸಿದ್ದೆ, ಹೊಲದ ಕೆಸರಿಗೆ ಒಳ್ಳೆಯದೆಂದು. ಮುಂದೆ ಹಳೆಯದೇ ಇತ್ತು. ಪಂಚರ್ ಅಂಗಡಿಯ ಹುಡುಗ "ಅಣ್ಣ, ಮುಂದಿನದೂ ಹೋಗಿದೆ" ಅಂದ. "ಭಾರವೆಲ್ಲ ಹಿಂದೆ ತಾನೇ ಇರೋದು, ಮುಂದಿನದಕ್ಕೆ ಏನಾಗುತ್ತೆ" ಅಂದೆ ನಾನು. ಆಷಾಢದ ಜಡಿಮಳೆಯಲ್ಲಿ, ಮಣ್ಣಿನ ದಾರಿ ಟಾರು ರಸ್ತೆಗೆ ಸೇರುವ ಜಾಗದಲ್ಲಿ, ಎದುರಿಗೆ ಎಮ್ಮೆ ಬಂತು. ಬ್ರೇಕು ಹಿಡಿದೆ. ಮುಂದಿನ ಚಕ್ರ ಎಣ್ಣೆ ಸವರಿದ ಹಾಗೆ ಜಾರಿತು. ಹಾಲು ರಸ್ತೆಯ ಮೇಲೆ, ನಾನು ಚರಂಡಿಯಲ್ಲಿ. ಎಡಭುಜದ ಮೂಳೆ ಮುರಿಯಿತು. ಆಸ್ಪತ್ರೆಗೆಂದು 40,000 ರೂಪಾಯಿ ಕೈಸಾಲ ಮಾಡಿದೆ, ನೂರಕ್ಕೆ ಮೂರು ರೂಪಾಯಿ ಬಡ್ಡಿ. ತಿಂಗಳ ಬಡ್ಡಿಯೇ 1,200. ಎರಡು ತಿಂಗಳ ಬಡ್ಡಿಗೆ ಕಟ್ಟಿದ ದುಡ್ಡಿನಲ್ಲಿ ಆ ಟಯರು ಬಂದು ಮೇಲೆ ಟ್ಯೂಬೂ ಬರುತ್ತಿತ್ತು. ಟಯರು ಮುಂದೂಡಿ ಉಳಿಸಿದ್ದು ಏನು ಎಂದು ಮನೆಯವರು ಕೇಳಿದರೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಇನ್ನು ತಿಳುವಳಿಕೆಯ ಮಾತಿಗೆ ಬರೋಣ. ಮುಂದೊಂದು, ಹಿಂದೊಂದು ಬೇರೆ ಬೇರೆ ಟಯರು ಹಾಕಬಹುದೇ? ಹಾಕಬಹುದು. ಕಾರ್ಖಾನೆಯವರೇ ಎಷ್ಟೋ ಗಾಡಿಗಳಿಗೆ ಮುಂದೆ ಉದ್ದ ಪಟ್ಟೆಯ ಟಯರು, ಹಿಂದೆ ಬಿಡಿ ಬಿಡಿ ಕಟ್ಟುಗಳ ಟಯರು ಹಾಕಿ ಕಳಿಸುತ್ತಾರೆ. ಮುಂದಿನದು ದಾರಿ ಹಿಡಿಯಬೇಕು, ಹಿಂದಿನದು ತಳ್ಳಬೇಕು. ಕೆಲಸ ಬೇರೆ, ಆದ್ದರಿಂದ ಅಚ್ಚು ಬೇರೆ. ಕಂಪನಿ ಬೇರೆಯಾದರೂ ದೋಷವಿಲ್ಲ. ಜೋಡಿ ಎತ್ತು ಕಟ್ಟುವಾಗ ಬಣ್ಣ ಒಂದೇ ಇರಬೇಕೆಂದು ಯಾರೂ ಹಟ ಹಿಡಿಯುವುದಿಲ್ಲ, ಎತ್ತರ ಮತ್ತು ನಡಿಗೆ ಕೂಡಬೇಕು ಅಂತಾರೆ. ಟಯರಿಗೂ ಅದೇ ನ್ಯಾಯ. ಕೂಡಬೇಕಾದ್ದು ಯಾವುದು ಎಂಬುದನ್ನು ಮಾತ್ರ ತಿಳಿದಿರಬೇಕು.

ಮೊದಲನೆಯದು ಅಳತೆ. ಟಯರಿನ ಪಕ್ಕದಲ್ಲಿ 2.75-18 ಎಂದಿದ್ದರೆ 2.75 ಇಂಚು ಅಗಲ, 18 ಇಂಚಿನ ರಿಮ್ಮು ಎಂದರ್ಥ. ಹೊಸ ಗಾಡಿಗಳಲ್ಲಿ 80/100-18 ಎಂದಿರುತ್ತದೆ. 80 ಮಿಲಿಮೀಟರ್ ಅಗಲ, ಅಗಲಕ್ಕೆ ನೂರಕ್ಕೆ ನೂರು ಎತ್ತರ, 18 ಇಂಚಿನ ರಿಮ್ಮು. ನಿಮ್ಮ ಗಾಡಿಯ ಪುಸ್ತಕದಲ್ಲಿ ಮುಂದಕ್ಕೆ ಏನು, ಹಿಂದಕ್ಕೆ ಏನು ಎಂದು ಬರೆದಿರುತ್ತದೆ. ಅದೇ ಅಳತೆ ಹಾಕಿಸಿ. ನಮ್ಮ ಹುಡುಗರು ಚೆಂದಕ್ಕೆಂದು ಹಿಂದೆ ದಪ್ಪ ಟಯರು ತುರುಕಿಸುತ್ತಾರೆ. ಕಿರಿದಾದ ರಿಮ್ಮಿನಲ್ಲಿ ಅದು ಹಿಂಡಿಕೊಂಡು ಕೂರುತ್ತದೆ, ತಿರುವಿನಲ್ಲಿ ಸರಿಯಾಗಿ ವಾಲುವುದಿಲ್ಲ, ಚೈನ್ ಕವರಿಗೆ ಉಜ್ಜಿದರೂ ಉಜ್ಜಿತು. ಪೆಟ್ರೋಲೂ ಹೆಚ್ಚು ಕುಡಿಯುತ್ತದೆ.

ಎರಡನೆಯದು ಭಾರ. ಅಳತೆಯ ಪಕ್ಕದಲ್ಲಿ ಒಂದು ಸಂಖ್ಯೆ, ಒಂದು ಅಕ್ಷರ ಇರುತ್ತದೆ. 42 ಎಂದಿದ್ದರೆ ಆ ಟಯರು ಹೊರಬಲ್ಲದ್ದು 150 ಕಿಲೋ, 48 ಎಂದಿದ್ದರೆ 180 ಕಿಲೋ. ಅಕ್ಷರ ವೇಗದ ಮಿತಿಯನ್ನು ಹೇಳುತ್ತದೆ, 'ಎಲ್' ಎಂದರೆ ಗಂಟೆಗೆ 120 ಕಿಲೋಮೀಟರು. ನಮಗೆ ವೇಗದ ಚಿಂತೆ ಇಲ್ಲ, ಭಾರದ ಚಿಂತೆ ಇದೆ. ಯೂರಿಯಾ ಚೀಲ 45 ಕಿಲೋ, ಡಿಎಪಿ ಚೀಲ 50 ಕಿಲೋ, ಮೇಲೆ ನಾವು, ನಮ್ಮ ಹಿಂದೆ ಇನ್ನೊಬ್ಬರು. ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಕಡಿಮೆ ಭಾರದ ಟಯರನ್ನು ಅಗ್ಗವೆಂದು ಹಿಂದಕ್ಕೆ ಹಾಕಬೇಡಿ.

ಮೂರನೆಯದು ದಿಕ್ಕು. ಟಯರಿನ ಪಕ್ಕದಲ್ಲಿ ಬಾಣದ ಗುರುತು ಇದ್ದರೆ ಚಕ್ರ ಆ ಕಡೆಗೇ ತಿರುಗಬೇಕು. ಹಿಂದಿನ ಚಕ್ರಕ್ಕೆಂದೇ ಮಾಡಿದ ಟಯರನ್ನು ಮುಂದಕ್ಕೆ ಹಾಕುವುದು ಬೇಡ. ಕಡ್ಡಿ ಚಕ್ರದ ಗಾಡಿಗೆ ಟ್ಯೂಬ್‌ಲೆಸ್ ಟಯರು ಸಿಕ್ಕಿತೆಂದು ಟ್ಯೂಬಿಲ್ಲದೆ ಓಡಿಸಲಾಗದು. ಕಡ್ಡಿಯ ಬುಡದಲ್ಲಿ ಗಾಳಿ ಸೋರುತ್ತದೆ, ಟ್ಯೂಬು ಹಾಕಲೇಬೇಕು.

ನಾಲ್ಕನೆಯದು ವಯಸ್ಸು. ಪಕ್ಕದಲ್ಲಿ ನಾಲ್ಕು ಅಂಕಿಯ ಗುರುತೊಂದು ಇರುತ್ತದೆ. 2319 ಎಂದಿದ್ದರೆ 2019ನೇ ಇಸವಿಯ 23ನೇ ವಾರದಲ್ಲಿ ಮಾಡಿದ್ದು. ರಿಯಾಯಿತಿ ಎಂದು ಅಂಗಡಿಯವನು ತೆಗೆದುಕೊಡುವ ಟಯರು ಎಷ್ಟು ವರ್ಷ ಮೂಲೆಯಲ್ಲಿ ಕೂತಿತ್ತು ಎಂದು ಇದರಲ್ಲೇ ತಿಳಿಯುತ್ತದೆ. ಬಿಸಿಲು ತಿಂದ ಹಳೆಯ ರಬ್ಬರು ಗಟ್ಟಿಯಾಗುತ್ತದೆ, ಸೀಳು ಬಿಡುತ್ತದೆ. ಬಟನ್ನು ಎಷ್ಟು ಚೆನ್ನಾಗಿ ಕಂಡರೂ ನೆಲ ಹಿಡಿಯುವುದಿಲ್ಲ. ಸವೆತಕ್ಕೂ ಗುರುತಿದೆ. ಟಯರಿನ ಗೀರುಗಳ ತಳದಲ್ಲಿ ಸಣ್ಣ ದಿಂಡುಗಳಿರುತ್ತವೆ. ಮೇಲಿನ ರಬ್ಬರು ಸವೆದು ಆ ದಿಂಡಿನ ಮಟ್ಟಕ್ಕೆ ಬಂದರೆ ಆ ಟಯರಿನ ಆಯುಸ್ಸು ಮುಗಿಯಿತು.

ಈಗ ನಾನು ಪಂಚರ್ ಅಂಗಡಿಯಲ್ಲಿ ಆಡಿದ ಮಾತಿಗೆ ಬನ್ನಿ. "ಭಾರವೆಲ್ಲ ಹಿಂದೆ" ಎಂಬುದು ಅರ್ಧ ಸತ್ಯ. ಗಾಡಿ ಓಡುವಾಗ ಭಾರ ಹಿಂದೆ ಇರುತ್ತದೆ. ಬ್ರೇಕು ಹಿಡಿದ ಕೂಡಲೇ ಅದು ಮುಂದಕ್ಕೆ ನುಗ್ಗುತ್ತದೆ. ಇಳಿಜಾರಿನಲ್ಲಿ ಮೂಟೆ ಬೆನ್ನು ತಳ್ಳುವುದು ನಿಮಗೆ ಗೊತ್ತಿದೆಯಲ್ಲ. ಗಾಡಿಯನ್ನು ನಿಲ್ಲಿಸುವ ಕೆಲಸದಲ್ಲಿ ದೊಡ್ಡ ಪಾಲು ಮುಂದಿನ ಚಕ್ರದ್ದೇ. ಹಿಂದಿನ ಚಕ್ರ ಜಾರಿದರೆ ಕಾಲು ಊರಿ ಹೇಗೋ ಸಾವರಿಸಿಕೊಳ್ಳಬಹುದು. ಮುಂದಿನದು ಜಾರಿದರೆ ಏನಾಯಿತು ಎಂದು ತಿಳಿಯುವ ಮೊದಲೇ ನೆಲದಲ್ಲಿರುತ್ತೇವೆ. ಕ್ಯಾನುಗಳನ್ನು ತೀರಾ ಹಿಂದಕ್ಕೆ ಕಟ್ಟಿದರಂತೂ ಮುಂದಿನ ಚಕ್ರ ಹಗುರಾಗಿ ಹ್ಯಾಂಡಲು ಮಾತು ಕೇಳುವುದಿಲ್ಲ. ಅಂಥ ಹಗುರವಾದ ಚಕ್ರಕ್ಕೆ ಬೋಳು ಟಯರು! ಬಟನ್ ಟಯರು ಹೊಲದ ಕೆಸರಿಗೆ ಸರಿ, ನೆನೆದ ಟಾರು ರಸ್ತೆಯಲ್ಲಿ ಅದು ನೆಲಕ್ಕೆ ತಾಗಿಸುವ ರಬ್ಬರೇ ಕಡಿಮೆ. ಆದ್ದರಿಂದ ನೆನಪಿಡಿ: ಬೇರೆ ಕಂಪನಿಯ ಟಯರು ನಮ್ಮನ್ನು ಬೀಳಿಸುವುದಿಲ್ಲ, ಸವೆದ ಮುಂದಿನ ಟಯರು ಬೀಳಿಸುತ್ತದೆ. ದುಡ್ಡು ಒಂದಕ್ಕೇ ಇದ್ದು ಎರಡೂ ಸವೆದಿದ್ದರೆ ಮೊದಲು ಮುಂದಿನದನ್ನು ಹಾಕಿಸಿ, ಹಿಂದಿನದು ಬರುವ ತನಕ ಭಾರ ಹೇರಬೇಡಿ. ಗಾಳಿಯನ್ನು ವಾರಕ್ಕೊಮ್ಮೆ ನೋಡಿಸಿ, ಅದಕ್ಕೆ ಸಾಲ ಮಾಡಬೇಕಾಗಿಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ನಾನೂ ಪೇಟೆಯವರ ಹಾಗೆ ಉಪದೇಶ ಮಾಡಿದಂತಾಯಿತು. ದುಡ್ಡಿನ ಮಾತು ಬಾಕಿ ಇದೆ.

ಒಂದು ಟಯರಿಗೆ 1,600 ರೂಪಾಯಿ ಎಂದು ಹಿಡಿಯಿರಿ. ಹಾಲಿಗೆ ಲೀಟರಿಗೆ 35 ರೂಪಾಯಿ ಕೈಗೆ ಬರುತ್ತದೆ ಎಂದು ಹಿಡಿಯಿರಿ. ಒಂದು ಟಯರಿಗೆ 46 ಲೀಟರು ಹಾಲು ಹೋಯಿತು. ಹಿಂಡಿ, ಮೇವು, ಡಾಕ್ಟರು ಎಲ್ಲಾ ಕಳೆದರೆ ಎಷ್ಟು ಲೀಟರಾದೀತು, ನೀವೇ ಲೆಕ್ಕ ಹಾಕಿ. ಆ 1,600ರಲ್ಲಿ ಸರ್ಕಾರದ ತೆರಿಗೆ ಎಷ್ಟು? 2025ರ ಸೆಪ್ಟೆಂಬರ್ 22ರ ತನಕ ಬೈಕಿನ ಟಯರಿಗೆ ಶೇ. 28 ಜಿಎಸ್‌ಟಿ ಇತ್ತು. ಅಂದಿನಿಂದ ಶೇ. 18 ಮಾಡಿದರು. ಒಳ್ಳೆಯದಾಯಿತು. ಅದೇ ದಿನ ಟ್ರಾಕ್ಟರಿನ ಟಯರಿಗೆ ಶೇ. 18 ಇದ್ದದ್ದನ್ನು ಶೇ. 5ಕ್ಕೆ ಇಳಿಸಿದರು, ಅದು ಕೃಷಿಯ ಸಾಧನ ಎಂದು. ಸರಿ. ಹಾಗಾದರೆ ಎರಡು ಎಕರೆಯವನ ಟ್ರಾಕ್ಟರು ಯಾವುದು? ಅವನು ಹಾಲು ಒಯ್ಯುವುದು, ಔಷಧಿ ಹೊಡೆಯುವ ಪಂಪು ಒಯ್ಯುವುದು, ಗೊಬ್ಬರದ ಚೀಲ ತರುವುದು, ಸೊಪ್ಪಿನ ಕಟ್ಟು ಸಂತೆಗೆ ಮುಟ್ಟಿಸುವುದು ಬೈಕಿನಲ್ಲಿ. 1,600ರ ಟಯರಿನಲ್ಲಿ ಈಗಲೂ 244 ರೂಪಾಯಿ ತೆರಿಗೆ ಇದೆ, ಅಂದರೆ ಏಳು ಲೀಟರು ಹಾಲು. ಶೇ. 5 ಆದರೆ ಅದೇ ಟಯರು 1,424ಕ್ಕೆ ಬರುತ್ತದೆ. ಕಂಪನಿಯವರು ತೆರಿಗೆಯನ್ನು ಬೆಲೆಗೆ ಸೇರಿಸುತ್ತಾರೆ. ನಾವು ಯಾವ ಬೆಲೆಗೆ ಸೇರಿಸೋಣ? ಹಾಲಿನ ಬೆಲೆ ಒಕ್ಕೂಟದವರು ಹೇಳುತ್ತಾರೆ, ಜೋಳದ ಬೆಲೆ ಮಂಡಿಯವರು ಹೇಳುತ್ತಾರೆ.

ಟಯರಿನ ಇನ್ನೊಂದು ತುದಿಯಲ್ಲೂ ರೈತನೇ ಇದ್ದಾನೆ. ಸುಳ್ಯ, ಪುತ್ತೂರು, ಬೆಳ್ತಂಗಡಿ ಕಡೆಯ ನಮ್ಮ ಬಂಧುಗಳು ರಬ್ಬರು ಬೆಳೆಯುತ್ತಾರೆ. 2011ರಲ್ಲಿ ಕಿಲೋ ರಬ್ಬರು 240 ರೂಪಾಯಿ ಮುಟ್ಟಿತ್ತು. 2016ರ ಫೆಬ್ರವರಿಯಲ್ಲಿ 100 ರೂಪಾಯಿಗಿಂತ ಕೆಳಗೆ ಬಿತ್ತು. ಎಷ್ಟೋ ಜನ ಟ್ಯಾಪಿಂಗ್ ನಿಲ್ಲಿಸಿದರು, ಕೂಲಿಯೂ ಹುಟ್ಟುತ್ತಿರಲಿಲ್ಲ. ಆಗ ನಿಮ್ಮ ಬೈಕಿನ ಟಯರು ಅರ್ಧ ಬೆಲೆಗೆ ಸಿಕ್ಕಿತ್ತೇ? ಹಳೆಯ ರಸೀದಿ ಇದ್ದರೆ ತೆಗೆದು ನೋಡಿ. ಟಯರಿನಲ್ಲಿ ತೋಟದ ರಬ್ಬರು ಮಾತ್ರವಲ್ಲ, ಕಚ್ಚಾ ತೈಲದಿಂದ ಬರುವ ರಬ್ಬರು, ಕರಿಪುಡಿ, ನೈಲಾನ್ ದಾರ ಎಲ್ಲ ಇರುತ್ತದೆ, ಒಪ್ಪೋಣ. ಆದರೆ ಕಚ್ಚಾ ಮಾಲು ಏರಿದಾಗ ಬೆಲೆ ಏರಲು ಅದು ಕಾರಣವಾದರೆ, ಇಳಿದಾಗ ಇಳಿಯಲು ಯಾಕೆ ಕಾರಣವಾಗುವುದಿಲ್ಲ? ಲಾರಿ ಮತ್ತು ಬಸ್ಸಿನ ಟಯರುಗಳ ಬೆಲೆಯನ್ನು ಕೂಡಿ ಏರಿಸಿದರೆಂದು ಐದು ದೊಡ್ಡ ಕಂಪನಿಗಳಿಗೆ ಸ್ಪರ್ಧಾ ಆಯೋಗ ಒಟ್ಟು 1,788 ಕೋಟಿ ರೂಪಾಯಿ ದಂಡ ಹಾಕಿದ್ದು 2022ರಲ್ಲಿ ಹೊರಗೆ ಬಂತು. ಅದೇ ವರ್ಷ ಡಿಸೆಂಬರಿನಲ್ಲಿ ಮೇಲ್ಮನವಿ ನ್ಯಾಯಮಂಡಳಿ ಅದನ್ನು ಮತ್ತೆ ಪರಿಶೀಲಿಸಿ ಎಂದು ಆಯೋಗಕ್ಕೇ ವಾಪಸು ಕಳಿಸಿತು. ಅದು ಬೈಕಿನ ಟಯರಿನ ಕೇಸಲ್ಲ, ತೀರ್ಪು ಹೇಳುವವನು ನಾನೂ ಅಲ್ಲ. ಆದರೂ ರೈತ ಬೆಲೆಗಾಗಿ ಒಗ್ಗಟ್ಟಾದರೆ ರಸ್ತೆಯಲ್ಲೇ ಪೊಲೀಸರು ಬರುತ್ತಾರೆ, ದೊಡ್ಡವರ ಮೇಲೆ ಬಂದ ದೂರು ವರ್ಷಗಟ್ಟಲೆ ಕಡತದಲ್ಲಿ ಓಡಾಡುತ್ತದೆ ಎಂಬುದನ್ನು ಗಮನಿಸಿ.

ಹಾಗಾದರೆ ನಾವು ಕೇಳಬೇಕಾದ್ದು ಏನು?

ಒಂದು, ಬೈಕಿನ ಟಯರು ಟ್ಯೂಬುಗಳಿಗೂ ಟ್ರಾಕ್ಟರಿನ ಟಯರಿನಂತೆ ಶೇ. 5 ತೆರಿಗೆ ಆಗಬೇಕು. ಎರಡು, ಕಿಸಾನ್ ಕ್ರೆಡಿಟ್ ಕಾರ್ಡಿನ 2012ರ ಪರಿಷ್ಕೃತ ಯೋಜನೆಯಲ್ಲಿ ಕೃಷಿ ಆಸ್ತಿಗಳ ರಿಪೇರಿ, ನಿರ್ವಹಣೆ ಇತ್ಯಾದಿಗೆಂದು ಸಾಲದ ಮಿತಿಗೆ ಶೇ. 20 ಸೇರಿಸಲು ಅವಕಾಶ ಮಾಡಿದ್ದಾರೆ. ಹಾಲಿನ ಕ್ಯಾನು ಹೊರುವ ಬೈಕನ್ನೂ ಆ ಆಸ್ತಿಗಳಲ್ಲಿ ಎಣಿಸಬೇಕು. ಹೊಸ ಬೈಕಿಗೆ ಸಾಲ ಕೊಡುವವರು ಸಂತೆಯಲ್ಲೇ ಶಾಮಿಯಾನ ಹಾಕಿ ಕೂತಿರುತ್ತಾರೆ. ಇರುವ ಬೈಕಿಗೆ ಟಯರು ಹಾಕಿಸಲು ನೂರಕ್ಕೆ ಮೂರರ ಬಡ್ಡಿಯವನೇ ಗತಿ. ಮೂರು, ಬೆಂಬಲ ಬೆಲೆಗೆ ಉತ್ಪಾದನಾ ವೆಚ್ಚ ಲೆಕ್ಕ ಹಾಕುವವರು ಎತ್ತಿನ ಕೂಲಿ, ಯಂತ್ರದ ಕೂಲಿ ಬರೆದ ಹಾಗೆ ಬೈಕಿನ ಪೆಟ್ರೋಲು, ಟಯರು, ರಿಪೇರಿಯನ್ನೂ ಬರೆಯಬೇಕು. ಅದಕ್ಕೆ ನಾವೂ ಇವತ್ತಿನಿಂದ ಒಂದು ನೋಟ್‌ಬುಕ್ಕಿನಲ್ಲಿ ಖರ್ಚು ಬರೆದಿಡಬೇಕು. ಲೆಕ್ಕ ಇಲ್ಲದವನ ಮಾತನ್ನು ಯಾರೂ ಕೇಳುವುದಿಲ್ಲ.

ಸರ್ಕಾರ ಕಣ್ಣು ಬಿಡುವ ತನಕ ಕಾಯಬೇಕಾಗಿಲ್ಲ. ನಮ್ಮ ಡೈರಿಗಳು ಹಿಂಡಿ ಕೊಟ್ಟು ಬಟವಾಡೆಯಲ್ಲಿ ಹಿಡಿದುಕೊಳ್ಳುತ್ತವಲ್ಲ, ಹಾಗೆಯೇ ಟಯರನ್ನೂ ಕೊಡಬಹುದು. ನಮ್ಮಲ್ಲಿ ಓಡುವ ಗಾಡಿಗಳಿಗೆ ಎರಡು ಮೂರು ಅಳತೆಯ ಟಯರು ಸಾಕು. ಐವತ್ತು ಟಯರನ್ನು ಒಟ್ಟಿಗೆ ಕೊಂಡರೆ ವ್ಯಾಪಾರಿ ಬೆಲೆ ಇಳಿಸುತ್ತಾನೆ, ಹೊಸ ಇಸವಿಯ ಮಾಲನ್ನೇ ಕೊಡುತ್ತಾನೆ. ಎಂಟು ಬಟವಾಡೆಯಲ್ಲಿ 200 ರೂಪಾಯಿಯಂತೆ ಹಿಡಿದುಕೊಂಡರೆ 1,600 ತೀರಿತು, ಬಡ್ಡಿ ಇಲ್ಲ. ಮುಂದಿನ ಸರ್ವ ಸದಸ್ಯರ ಸಭೆಯಲ್ಲಿ ಇದನ್ನು ಎತ್ತಿ. ನಮ್ಮ ಸಂಘದಲ್ಲಿ ನಾನು ಎತ್ತುತ್ತೇನೆ.

ಎತ್ತಿಗೆ ಲಾಳ ಹೊಡೆಸುವಾಗ "ಹಿಂಗಾಲಿಗೆ ಈಗ, ಮುಂಗಾಲಿಗೆ ಸುಗ್ಗಿಯಾದ ಮೇಲೆ" ಎಂದು ನಮ್ಮ ಅಪ್ಪ ಹೇಳಿದ್ದನ್ನು ನಾನು ಕೇಳಿಲ್ಲ. ಎತ್ತಿನ ಕಾಲಿಗೆ ತೋರಿಸಿದ ಕಾಳಜಿಯನ್ನು ನಾವು ನಮ್ಮ ಜೀವಕ್ಕೆ ತೋರಿಸದಂತೆ ಮಾಡಿದ್ದು ನಮ್ಮ ಬೆಳೆಯ ಬೆಲೆ ಮತ್ತು ನಮ್ಮ ತಲೆಯ ಮೇಲಿನ ಸಾಲ. ಅದರ ವಿರುದ್ಧ ಹೋರಾಟ ಇದ್ದೇ ಇದೆ. ಹೋರಾಟಕ್ಕೆ ಬರಬೇಕಾದರೂ ಬೈಕಿನಲ್ಲೇ ಬರಬೇಕು. ಬರುವ ಮೊದಲು ಮುಂದಿನ ಟಯರು ನೋಡಿಕೊಂಡು ಬನ್ನಿ.