ಒಂದು ಹಾಳೆ ಕಾಗದ, ಒಂದು ತೆಂಗಿನಕಾಯಿ

ಸೆಪ್ಟೆಂಬರ್ ಮೊದಲ ವಾರ ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬ. ನಾಟಿ ಕೆಲಸ ಮುಗಿದಿರುತ್ತದೆ. ಮನೆಯ ಕೋವಿಗಳನ್ನು ಒರೆಸಿ, ಎಣ್ಣೆ ಹಚ್ಚಿ, ದೇವರ ಮುಂದೆ ಇಟ್ಟು, ಬೆಂಕಿಯ ನಾಲಗೆಯಂತಿರುವ ತೋಕ್ ಪೂವನ್ನು ಮುಡಿಸಿ ಪೂಜಿಸುತ್ತಾರೆ. ಪೂಜೆ, ಊಟ ಆದ ಮೇಲೆ ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಚಿಕ್ಕವರು, ದೊಡ್ಡವರು, ಹೆಂಗಸರು ಎಲ್ಲರೂ ಸುತ್ತ ನಿಂತು ನೋಡುವ ಆಟ ಇದು.

ಈ ಕೋವಿ ಒಂದು ಕಾಲಕ್ಕೆ ಬೇಟೆಯ ಸಾಧನವಾಗಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆಯ ಕಾಲ ಮುಗಿಯಿತು. ಕೋವಿ ಮಾತ್ರ ಉಳಿದಿದೆ. ಪುತ್ತರಿಯ ದಿನ ಮೊದಲ ಕದಿರು ಕೊಯ್ಯುವಾಗ ಅದರ ಸದ್ದು ಈಗಲೂ ಕೇಳುತ್ತದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಗಳ ಮಟ್ಟಿಗೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಆದ್ದರಿಂದ ಕೊಡಗಿನ ಅನೇಕ ಮಕ್ಕಳು ಕೋವಿ ಇರುವ ಮನೆಯಲ್ಲೇ ಬೆಳೆಯುತ್ತಾರೆ. ಕೆಲವರು ಏರ್ ರೈಫಲ್ ಹಿಡಿದು ಗುರಿ ಅಭ್ಯಾಸಕ್ಕೂ ಸೇರುತ್ತಾರೆ.

ಇಂಥ ಮನೆಗಳಲ್ಲಿ ಕೆಲವೊಮ್ಮೆ .22 ರೈಫಲಿಗೋ ಏರ್ ರೈಫಲಿಗೋ ಒಂದು ದೂರದರ್ಶಕ, ಅಂದರೆ ಸ್ಕೋಪ್, ಕೂರಿಸುವ ಆಸೆ ಹುಟ್ಟುತ್ತದೆ. ಒಳ್ಳೆಯ ಮಸೂರಗಳಿರುವ ಸ್ಕೋಪಿಗೆ ಸಾವಿರಾರು ರೂಪಾಯಿ ಕೊಡುತ್ತಾರೆ. ಆದರೆ ಅದನ್ನು ಕೋವಿಗೆ ಬಿಗಿಯುವ ಮೌಂಟ್, ಅಂದರೆ ಎರಡು ಲೋಹದ ಬಳೆಗಳು ಮತ್ತು ಅವುಗಳ ತಳಹಿಡಿ, ಅಂಗಡಿಯವನು ಯಾವುದು ಕೊಟ್ಟರೆ ಅದು! ಗುರಿ ತಪ್ಪಿದಾಗ ದೂರು ಮಾತ್ರ ಸ್ಕೋಪಿನ ಮೇಲೆ, ಇಲ್ಲವೇ ಹುಡುಗನ ಕೈಯ ಮೇಲೆ. ತಪ್ಪು ಹೆಚ್ಚಾಗಿ ಅಡಗಿರುವುದು ಆ ಬಳೆಗಳಲ್ಲಿ. ಯಾಕೆ ಎಂಬುದನ್ನು ಪ್ರೌಢಶಾಲೆಯ ಭೌತಶಾಸ್ತ್ರದಿಂದಲೇ ತಿಳಿಯಬಹುದು.

ಎರಡು ರೇಖೆಗಳ ಕಥೆ

ಕಣ್ಣು ಸ್ಕೋಪಿನ ಮೂಲಕ ಗುರಿಯನ್ನು ನೋಡುವುದು ಒಂದು ರೇಖೆಯಲ್ಲಿ. ಇದು ದೃಷ್ಟಿರೇಖೆ. ನಳಿಗೆ ಚಾಚಿಕೊಂಡಿರುವುದು ಇನ್ನೊಂದು ರೇಖೆಯಲ್ಲಿ. ಸ್ಕೋಪ್ ನಳಿಗೆಯ ಮೇಲಿರುವುದರಿಂದ ಇವೆರಡರ ನಡುವೆ ಸುಮಾರು 4 ಸೆಂ.ಮೀ. ಅಂತರ ಇದ್ದೇ ಇರುತ್ತದೆ.

ಇನ್ನು ಗುಂಡು. ಅದು ಈ ಎರಡು ರೇಖೆಗಳಲ್ಲಿ ಯಾವುದರಲ್ಲೂ ಹೋಗುವುದಿಲ್ಲ! ನಳಿಗೆ ಬಿಟ್ಟ ಕ್ಷಣದಿಂದಲೇ ಗುರುತ್ವ ಅದನ್ನು ಕೆಳಕ್ಕೆ ಎಳೆಯುತ್ತದೆ. .22 ರೈಫಲಿನ ಸಾಧಾರಣ ಗುಂಡಿನ ವೇಗ ಸೆಕೆಂಡಿಗೆ ಸುಮಾರು 320 ಮೀಟರ್. 50 ಮೀಟರ್ ಕ್ರಮಿಸಲು ಅದಕ್ಕೆ ಬೇಕಾದ ಕಾಲ ಸುಮಾರು 0.16 ಸೆಕೆಂಡ್. ಗುರುತ್ವ ವೇಗೋತ್ಕರ್ಷದ ಅರ್ಧವನ್ನು, ಅಂದರೆ 4.9ನ್ನು, ಈ ಕಾಲದ ವರ್ಗದಿಂದ ಗುಣಿಸಿ ನೋಡಿ. ಸುಮಾರು 12.5 ಸೆಂ.ಮೀ. ಬರುತ್ತದೆ. ಗಾಳಿಯ ತಡೆಯನ್ನೂ ಲೆಕ್ಕಕ್ಕೆ ಹಿಡಿದರೆ ಇನ್ನೂ ಸ್ವಲ್ಪ ಹೆಚ್ಚು. ಹೀಗೆ ಬೀಳುವ ಗುಂಡನ್ನು ಗುರಿಗೆ ಮುಟ್ಟಿಸಬೇಕಾದರೆ ನಳಿಗೆ ದೃಷ್ಟಿರೇಖೆಗಿಂತ ಒಂದಿಷ್ಟೇ ಮೇಲ್ಮುಖವಾಗಿರಬೇಕು.

50 ಮೀಟರಿಗೆ ಹೊಂದಿಸಿದ ಇಂಥ ರೈಫಲಿನ ಗುಂಡು ದೃಷ್ಟಿರೇಖೆಯ ಕೆಳಗಿನಿಂದ ಹೊರಡುತ್ತದೆ. 10 ಮೀಟರಿನಲ್ಲಿ ಅದು ಇನ್ನೂ ಒಂದು ಸೆಂ.ಮೀ.ಗಿಂತ ಸ್ವಲ್ಪ ಹೆಚ್ಚು ಕೆಳಗೇ ಇರುತ್ತದೆ. 16 ಮೀಟರಿನ ಸುಮಾರಿಗೆ ರೇಖೆಯನ್ನು ದಾಟುತ್ತದೆ. 25 ಮೀಟರಿನಲ್ಲಿ ಹೆಚ್ಚುಕಡಿಮೆ ಅಷ್ಟೇ ಮೇಲಿರುತ್ತದೆ. ಆಮೇಲೆ ಇಳಿಯುತ್ತಾ 50 ಮೀಟರಿನಲ್ಲಿ ಮತ್ತೆ ರೇಖೆಯನ್ನು ಕೂಡುತ್ತದೆ. ಗುರಿ ಹಿಡಿಯುವುದೆಂದರೆ ಈ ಎರಡು ರೇಖೆಗಳ ನಡುವಿನ ಕೋನವನ್ನು ಕದಲದಂತೆ ಕಾಯುವುದು. ಆ ಕಾವಲುಗಾರ ಮಸೂರವಲ್ಲ, ಮೌಂಟ್.

ಹಾಳೆಯಷ್ಟು ದಪ್ಪದ ತಪ್ಪು

ನೋಟ್‌ಬುಕ್ಕಿನ ಒಂದು ಹಾಳೆಯ ದಪ್ಪ ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕೆ ಹತ್ತಿರ. ಎರಡು ಬಳೆಗಳ ನಡುವಿನ ದೂರ 10 ಸೆಂ.ಮೀ. ಎಂದುಕೊಳ್ಳಿ. ಒಂದು ಬಳೆ 0.1 ಮಿ.ಮೀ. ಎತ್ತರಕ್ಕೆ ಸರಿದರೆ ದೃಷ್ಟಿರೇಖೆ ಸಾವಿರಕ್ಕೆ ಒಂದರಷ್ಟು ವಾಲುತ್ತದೆ. 50 ಮೀಟರ್ ದೂರದಲ್ಲಿ ಅದು 5 ಸೆಂ.ಮೀ. ಆಯಿತು. ಸಿಪ್ಪೆ ಸುಲಿದ ತೆಂಗಿನಕಾಯಿಯ ಅಡ್ಡಗಲ ಸುಮಾರು 10 ಸೆಂ.ಮೀ. ನಟ್ಟನಡುವೆ ಬೀಳಬೇಕಾದ ಗುಂಡು ಅಂಚನ್ನು ಸವರಿಕೊಂಡು ಹೋಗುತ್ತದೆ. ಒಂದು ಹಾಳೆಯ ದಪ್ಪ ಇಡೀ ತೆಂಗಿನಕಾಯಿಯನ್ನು ಉಳಿಸಿಬಿಟ್ಟಿತು!

ಸ್ಕೋಪಿನ ಮೇಲೂ ಪಕ್ಕದಲ್ಲೂ ಎರಡು ತಿರುಗಣೆಗಳಿವೆಯಲ್ಲ, ಅವುಗಳನ್ನು ತಿರುಗಿಸಿ ಇದನ್ನು ಸರಿಪಡಿಸಬಾರದೇ ಎಂದು ಜಾಣ ವಿದ್ಯಾರ್ಥಿ ಕೇಳಬಹುದು. ಒಳ್ಳೆಯ ಪ್ರಶ್ನೆ. 1640ರ ಸುಮಾರಿಗೆ ಇಂಗ್ಲೆಂಡಿನ ವಿಲಿಯಂ ಗ್ಯಾಸ್ಕಾಯಿನ್ ದೂರದರ್ಶಕದ ನಾಭಿಯಲ್ಲಿ ಗುರುತಿನ ಎಳೆಗಳನ್ನು ಇಟ್ಟ. ಅಲ್ಲಿಂದ ದೂರದರ್ಶಕ ಬರಿಯ ನೋಡುವ ಸಾಧನವಾಗಿ ಉಳಿಯದೆ ಅಳೆಯುವ ಸಾಧನವಾಯಿತು. ಇಂದಿನ ಸ್ಕೋಪಿನಲ್ಲಿ ಕಾಣುವ ಅಡ್ಡ ಉದ್ದ ಗೆರೆಗಳು ಅದರ ಸಂತತಿಯೇ. ತಿರುಗಣೆ ಸರಿಸುವುದು ಈ ಗೆರೆಗಳು ತೋರಿಸುವ ದಿಕ್ಕನ್ನು.

ಆದರೆ ತಪ್ಪಿನಲ್ಲಿ ಎರಡು ಜಾತಿ. ಪ್ರಯೋಗಾಲಯದ ವರ್ನಿಯರ್ ಕ್ಯಾಲಿಪರ್ ಅನ್ನು ನೆನಪಿಸಿಕೊಳ್ಳಿ. ಅದರ ಶೂನ್ಯದೋಷ 0.2 ಮಿ.ಮೀ. ಇದ್ದರೆ ಚಿಂತೆಯಿಲ್ಲ. ಪ್ರತಿ ಅಳತೆಯಿಂದಲೂ 0.2 ಕಳೆದರೆ ಸರಿ ಉತ್ತರ. ದವಡೆಯೇ ಸಡಿಲವಾಗಿ ಒಮ್ಮೆ 0.2, ಇನ್ನೊಮ್ಮೆ 0.5 ಅಂತರ ತೋರಿಸಿದರೆ? ಕಳೆಯುವುದು ಯಾವುದನ್ನು? ಮೌಂಟಿನ ಕಥೆಯೂ ಇಷ್ಟೇ. ಬದಲಾಗದ ತಪ್ಪನ್ನು ತಿರುಗಣೆ ಸರಿಪಡಿಸುತ್ತದೆ. ಪ್ರತಿ ಹೊಡೆತಕ್ಕೂ ಬದಲಾಗುವ ತಪ್ಪನ್ನು ಯಾವ ತಿರುಗಣೆಯೂ ಸರಿಪಡಿಸಲಾರದು. ಗುಂಡುಗಳು ಪ್ರತಿಸಲವೂ ಒಂದೇ ಕಡೆ ಒತ್ತಾಗಿ ಬಿದ್ದರೆ ತಿರುಗಣೆಗೆ ಕೈಹಾಕಿ. ಚದುರಿ ಬಿದ್ದರೆ ಮೊದಲು ಮೌಂಟನ್ನು ನೋಡಿ.

ಆರಿಸುವಾಗ ನಾಲ್ಕು ಅಳತೆ

ಮೊದಲನೆಯದು ತಳ. .22 ಮತ್ತು ಏರ್ ರೈಫಲ್‌ಗಳ ಮೈಮೇಲೆ ಹೆಚ್ಚಾಗಿ ಸುಮಾರು 11 ಮಿ.ಮೀ. ಅಗಲದ ಇಕ್ಕಟ್ಟಾದ ಜಾಡು ಇರುತ್ತದೆ. ದೊಡ್ಡ ರೈಫಲ್‌ಗಳಿಗೆ ಬರುವ ವೀವರ್, ಪಿಕಟಿನ್ನಿ ಎಂಬ ಪಟ್ಟಿಗಳು ಸುಮಾರು 21 ಮಿ.ಮೀ. ಅಗಲ. ಒಂದರ ಮೌಂಟ್ ಇನ್ನೊಂದಕ್ಕೆ ಕೂರದು. ವೀವರ್ ಮತ್ತು ಪಿಕಟಿನ್ನಿ ಪಟ್ಟಿಗಳು ನೋಡಲು ಅವಳಿಗಳಂತಿದ್ದರೂ ಅಡ್ಡಗಾಡಿಯ ಅಗಲ ಬೇರೆ. ಮೊದಲನೆಯದರಲ್ಲಿ ಅದು ಸುಮಾರು 4.6 ಮಿ.ಮೀ., ಎರಡನೆಯದರಲ್ಲಿ 5.2 ಮಿ.ಮೀ. ಆದ್ದರಿಂದ ಕೊಳ್ಳುವ ಮೊದಲು ಕಣ್ಣಂದಾಜು ಬೇಡ. ವರ್ನಿಯರ್ ತೆಗೆದುಕೊಂಡು ಅಳೆಯಿರಿ.

ಎರಡನೆಯದು ಕೊಳವೆಯ ವ್ಯಾಸ. ಸ್ಕೋಪಿನ ಕೊಳವೆ ಸಾಮಾನ್ಯವಾಗಿ 25.4 ಮಿ.ಮೀ. (ಒಂದು ಅಂಗುಲ) ಅಥವಾ 30 ಮಿ.ಮೀ. ಇರುತ್ತದೆ. ದೊಡ್ಡ ಬಳೆಗೆ ಚಿಕ್ಕ ಕೊಳವೆ ಹಾಕಿ ನಡುವೆ ರಬ್ಬರ್, ಸೈಕಲ್ ಟ್ಯೂಬಿನ ತುಂಡು ತುರುಕುವುದುಂಟು. ರಬ್ಬರ್ ಸ್ಥಿತಿಸ್ಥಾಪಕ ವಸ್ತು. ಪ್ರತಿ ಹೊಡೆತಕ್ಕೂ ಬೇರೆ ಬೇರೆಯಾಗಿ ಅದುಮಿ ಹಿಗ್ಗುತ್ತದೆ. ಬದಲಾಗುವ ತಪ್ಪನ್ನು ಕೈಯಾರೆ ಕೂರಿಸಿದಂತೆ ಅದು.

ಮೂರನೆಯದು ಎತ್ತರ. ಸ್ಕೋಪಿನ ಮುಂಭಾಗ ಅಗಲ. ಮಸೂರ 40 ಮಿ.ಮೀ. ಇದ್ದರೆ ಹೊರಕವಚದ ಅಡ್ಡಗಲ ಸುಮಾರು 48 ಮಿ.ಮೀ., ಅದರ ಅರ್ಧ 24 ಮಿ.ಮೀ. ಕೊಳವೆಯ ನಡುಮಧ್ಯ ನಳಿಗೆಯಿಂದ ಅದಕ್ಕಿಂತ ಹೆಚ್ಚು ಎತ್ತರದಲ್ಲಿದ್ದರೆ ಮಾತ್ರ ಸ್ಕೋಪ್ ನಳಿಗೆಗೆ ತಾಗುವುದಿಲ್ಲ. ಹಾಗೆಂದು ಏಣಿಯಷ್ಟು ಎತ್ತರವೂ ಬೇಡ. ಕೆನ್ನೆ ಕೋವಿಯ ಹಿಡಿಗೆ ಒತ್ತಿಕೊಂಡಾಗ ಕಣ್ಣು ತಾನಾಗಿ ಸ್ಕೋಪಿನ ನೇರಕ್ಕೆ ಬರಬೇಕು. ಕತ್ತು ಎತ್ತಿ ನೋಡುವಂತಾದರೆ ಪ್ರತಿಸಲ ಕಣ್ಣು ಬೇರೆ ಜಾಗದಲ್ಲಿರುತ್ತದೆ. ತಾಗದಷ್ಟು ಎತ್ತರ ಸಾಕು, ಅದಕ್ಕಿಂತ ಹೆಚ್ಚು ಬೇಡ.

ನಾಲ್ಕನೆಯದು ಕಣ್ಣಿನ ದೂರ. ರೈಫಲಿನ ಸ್ಕೋಪಿಗೂ ಕಣ್ಣಿಗೂ ಸಾಮಾನ್ಯವಾಗಿ 7ರಿಂದ 10 ಸೆಂ.ಮೀ. ಅಂತರ ಬೇಕು. ಬಳೆಗಳು ಈ ಹೊಂದಾಣಿಕೆಗೆ ಜಾಗ ಕೊಡಬೇಕು. ನ್ಯೂಟನ್ನನ ಮೂರನೆಯ ನಿಯಮದಂತೆ ಗುಂಡು ಮುಂದೆ ಹೋದರೆ ಕೋವಿ ಹಿಂದೆ ಬರುತ್ತದೆ. ಕಣ್ಣು ತೀರ ಹತ್ತಿರವಿದ್ದರೆ ಸ್ಕೋಪಿನ ಅಂಚು ಹುಬ್ಬನ್ನು ಸೀಳುತ್ತದೆ. .22ರಲ್ಲಿ ಒದೆತ ಕಡಿಮೆ. .315ರಂಥ ದೊಡ್ಡ ರೈಫಲಿನಲ್ಲಿ ಇದು ತಮಾಷೆಯ ಮಾತಲ್ಲ.

ಒದೆತ ಮೌಂಟಿಗೂ ಪರೀಕ್ಷೆ. ಕೋವಿ ಹಿಂದಕ್ಕೆ ಚಿಮ್ಮುವಾಗ ಜಡತ್ವದಿಂದಾಗಿ ಸ್ಕೋಪ್ ಇದ್ದಲ್ಲೇ ಇರಲು ನೋಡುತ್ತದೆ. ಅದನ್ನು ಜೊತೆಗೆ ಎಳೆದುಕೊಂಡು ಹೋಗುವವು ಆ ಎರಡು ಬಳೆಗಳೇ. ಸ್ಪ್ರಿಂಗಿನ ಏರ್ ರೈಫಲ್ ಮೆತ್ತಗೆ ಕಂಡರೂ ಇಲ್ಲಿ ಕಿಲಾಡಿ. ಪಿಸ್ಟನ್ ಮುನ್ನುಗ್ಗುವಾಗ ರೈಫಲ್ ಹಿಂದಕ್ಕೆ ಸರಿಯುತ್ತದೆ, ಪಿಸ್ಟನ್ ತುದಿ ಮುಟ್ಟಿ ನಿಂತಾಗ ಮುಂದಕ್ಕೆ ಜಗ್ಗುತ್ತದೆ. ಎರಡೂ ಕಡೆಯ ಈ ಕುಲುಕಾಟಕ್ಕೆ ಮೌಂಟ್ ಜಾರದಂತೆ ತಡೆಮೊಳೆ ಇರುವುದನ್ನೇ ಕೊಳ್ಳಬೇಕು.

ಬಿಗಿಯುವ ಹದ

ಕೊಡಗಿನ ಮಳೆಗಾಲದಲ್ಲಿ ಕೋವಿಗೆ ಎಣ್ಣೆ ಬೇಕು. ಆದರೆ ಬಳೆಯ ಒಳಮೈಯಲ್ಲಿ ಎಣ್ಣೆ ಉಳಿದರೆ ಘರ್ಷಣೆ ಕಡಿಮೆಯಾಗಿ ಕೊಳವೆ ಜಾರುತ್ತದೆ. ಅಲ್ಲಿ ಒಣಬಟ್ಟೆಯಿಂದ ಒರೆಸಿಯೇ ಕೂರಿಸಬೇಕು. ತಿರುಪುಗಳನ್ನು ಒಂದೊಂದಾಗಿ ಪೂರ್ತಿ ಬಿಗಿಯದೆ, ಎದುರುಬದುರಿನವನ್ನು ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾ ಹೋಗಬೇಕು. ಎಷ್ಟು ಬಿಗಿ? ತಯಾರಕರು ಹೇಳಿದಷ್ಟು. ಬಳೆಯ ತಿರುಪುಗಳಿಗೆ ಅದು ಸಾಮಾನ್ಯವಾಗಿ 2 ನ್ಯೂಟನ್-ಮೀಟರಿನ ಆಸುಪಾಸು. 10 ಸೆಂ.ಮೀ. ಉದ್ದದ ಕೀಲಿಯ ತುದಿಗೆ 2 ಕಿಲೋ ತೂಕ ತೂಗಿಬಿಟ್ಟಂತೆ, ಅಷ್ಟೇ. ತೋಳ್ಬಲ ತೋರಿಸಹೋದರೆ ಅಲ್ಯೂಮಿನಿಯಂ ಕೊಳವೆ ನೆಗ್ಗಿ, ಒಳಗಿನ ಭಾಗಗಳು ಸಿಕ್ಕಿಕೊಳ್ಳುತ್ತವೆ.

ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನ್ಯ ಬಳಸಿದ ನಂಬರ್ 4 (ಟಿ) ಎಂಬ ಲೀ-ಎನ್‌ಫೀಲ್ಡ್ ರೈಫಲಿನ ಸಂಗತಿ ಇಲ್ಲಿ ನೆನೆಯತಕ್ಕದ್ದು. ಪ್ರತಿ ರೈಫಲಿಗೂ ಒಂದೊಂದು ಸ್ಕೋಪನ್ನು ಹೊಂದಿಸಿ, ರೈಫಲಿನ ಸಂಖ್ಯೆಯನ್ನು ಮೌಂಟಿನ ಮೇಲೂ ಸ್ಕೋಪಿನ ಸಂಖ್ಯೆಯನ್ನು ರೈಫಲಿನ ಮರದ ಹಿಡಿಯ ಮೇಲೂ ಒತ್ತುತ್ತಿದ್ದರು. ಒಂದರ ಸ್ಕೋಪನ್ನು ಇನ್ನೊಂದಕ್ಕೆ ಹಾಕುವಂತಿರಲಿಲ್ಲ. ಕಾರ್ಖಾನೆಯಲ್ಲಿ ಒಂದೇ ಅಳತೆಗೆ ಮಾಡಿದ ವಸ್ತುಗಳೂ ಕೂದಲೆಳೆಯಷ್ಟು ಬೇರೆಯಾಗಿರುತ್ತವೆ, ಆ ಕೂದಲೆಳೆ ದೂರದಲ್ಲಿ ಗಜವಾಗುತ್ತದೆ ಎಂಬುದು ಅವರಿಗೆ ಗೊತ್ತಿತ್ತು.

ತಪ್ಪಿದ ಗುಂಡು

ಹೆತ್ತವರಿಗೆ ಒಂದು ಮಾತು. ತೆಂಗಿನಕಾಯಿ ಉಳಿದರೆ ನಷ್ಟವೇನೂ ಇಲ್ಲ. ಆದರೆ ಅದನ್ನು ತಪ್ಪಿದ ಗುಂಡು ಎಲ್ಲಿಗೋ ಹೋಗಿಯೇ ತೀರುತ್ತದೆ. ಪುಟ್ಟದೆಂದು ಕಾಣುವ .22 ಗುಂಡು ಒಂದು ಕಿಲೋಮೀಟರಿಗೂ ಹೆಚ್ಚು ದೂರ ಹಾರಬಲ್ಲದು. ಕಾಫಿ ಗಿಡಗಳ ಮರೆಯಲ್ಲಿ ಕೆಲಸ ಮಾಡುವವರು ಗುರಿ ಹಿಡಿದವನ ಕಣ್ಣಿಗೆ ಬೀಳುವುದಿಲ್ಲ. ಸ್ಕೋಪಿನೊಳಗೆ ಕಾಣುವುದಂತೂ ಜಗತ್ತಿನ ಒಂದು ಸಣ್ಣ ವೃತ್ತ ಮಾತ್ರ. ಆದ್ದರಿಂದ ಗುರಿಯ ಹಿಂದೆ ಎತ್ತರದ ಮಣ್ಣಿನ ದಿಬ್ಬ ಇರಲೇಬೇಕು. ಮೌಂಟ್ ಹೊಂದಿಸುವ ಮೊದಲು ಕೋವಿಯ ಬಾಯಿ ತೆರೆದು, ಗುಂಡು ತೆಗೆದು, ಒಳಗೆ ಖಾಲಿ ಎಂಬುದನ್ನು ದೊಡ್ಡವರೇ ಕಣ್ಣಿಂದಲೂ ಬೆರಳಿಂದಲೂ ಖಚಿತ ಮಾಡಿಕೊಳ್ಳಬೇಕು. ಮಕ್ಕಳು ತಾವಾಗಿ ಮುಟ್ಟುವ ವಸ್ತು ಅದಲ್ಲ. ಹಬ್ಬದ ಸ್ಪರ್ಧೆಯಲ್ಲಿ ಸ್ಕೋಪಿಗೆ ಅವಕಾಶವಿದೆಯೇ ಎಂಬುದನ್ನು ಸಂಘಟಕರಲ್ಲಿ ಮೊದಲೇ ಕೇಳಿ. ಒಲಿಂಪಿಕ್ಸ್ ರೈಫಲ್ ಸ್ಪರ್ಧೆಗಳಲ್ಲಿ ಅದಕ್ಕೆ ಅವಕಾಶವಿಲ್ಲ. ಅಲ್ಲಿ ಸಣ್ಣ ರಂಧ್ರದ ಮೂಲಕ ನೋಡಿ ಗುರಿ ಹಿಡಿಯುತ್ತಾರೆ. ಆ ರಂಧ್ರದ ಬಿಗಿತಕ್ಕೂ ಇದೇ ಲೆಕ್ಕ.

ಮಾಡಿ ನೋಡಿ

ಇದನ್ನು ಪರೀಕ್ಷಿಸಲು ಕೋವಿ ಬೇಡ. 30 ಸೆಂ.ಮೀ. ಉದ್ದದ ಅಡಿಪಟ್ಟಿಯ ಎರಡು ತುದಿಗಳಲ್ಲಿ ಒಂದೇ ಎತ್ತರದ ಎರಡು ಬೆಂಕಿಕಡ್ಡಿಗಳನ್ನು ಮೇಣದಿಂದ ನೆಟ್ಟಗೆ ನಿಲ್ಲಿಸಿ. ಮೇಜಿನ ಮೇಲಿಟ್ಟು, ಸ್ವಲ್ಪ ಹಿಂದಿನಿಂದ ಎರಡರ ತುದಿಯೂ ಒಂದಾಗುವಂತೆ ನೋಡಿ. 6 ಮೀಟರ್ ಆಚೆಯ ಗೋಡೆಯಲ್ಲಿ ಆ ನೇರಕ್ಕೆ ಗೆಳೆಯನೊಬ್ಬ ಗುರುತು ಹಾಕಲಿ. ಈಗ ಗೋಡೆಯ ಕಡೆಯ ತುದಿಯ ಕೆಳಗೆ ಹತ್ತು ಹನ್ನೆರಡು ಹಾಳೆ, ಅಂದರೆ ಸುಮಾರು ಒಂದು ಮಿಲಿಮೀಟರ್ ದಪ್ಪ, ಇಟ್ಟು ಮತ್ತೆ ನೋಡಿ. ಗುರುತು ಸುಮಾರು 2 ಸೆಂ.ಮೀ. ಮೇಲಕ್ಕೆ ಹೋಗಿರುತ್ತದೆ. ಹಾಳೆಗಳನ್ನು ಇಮ್ಮಡಿ ಮಾಡಿದರೆ? ನಿಮ್ಮ ಕಡೆಯ ತುದಿಗೆ ಇಟ್ಟರೆ? ಅಡಿಪಟ್ಟಿಯ ಬದಲು 15 ಸೆಂ.ಮೀ.ನ ಪಟ್ಟಿ ಬಳಸಿದರೆ? ಮೊದಲು ಲೆಕ್ಕ ಹಾಕಿ, ಆಮೇಲೆ ಅಳೆದು ನೋಡಿ.