‘ಫೈನಲ್-3’ ಫೈಲ್ ಯಾರಿಗೆ ಬೇಕು?

ಮೆಕ್ಯಾನಿಕಲ್ ಓದಿದ ಯಾರದಾದರೂ ಲ್ಯಾಪ್‌ಟಾಪ್ ತೆರೆದು ನೋಡಿ. ‘ಪಾಲಿಶರ್’, ‘ಪಾಲಿಶರ್ ಹೊಸದು’, ‘ಪಾಲಿಶರ್ ಫೈನಲ್’, ‘ಪಾಲಿಶರ್ ಫೈನಲ್-3’ ಎಂದು ಸಾಲು ಸಾಲು ಫೈಲ್‌ಗಳು. ಇವುಗಳಲ್ಲಿ ನಿಜವಾದ ಫೈನಲ್ ಯಾವುದು ಎಂದು ಕೇಳಿದರೆ ಮಾಡಿದವರೇ ತಲೆ ಕೆರೆದುಕೊಳ್ಳುತ್ತಾರೆ. ಕ್ಯಾಡ್ ಕಲಿಸುವ ಕೇಂದ್ರಗಳು ನಮಗೆ ಗೆರೆ ಎಳೆಯುವುದನ್ನು, ಎಕ್ಸ್‌ಟ್ರೂಡ್ ಮಾಡುವುದನ್ನು, ಬಿಡಿಭಾಗ ಜೋಡಿಸುವುದನ್ನು ಕಲಿಸುತ್ತವೆ. ಜೋಡಿಸಿದ್ದನ್ನು ನಿಭಾಯಿಸುವುದನ್ನು ಕಲಿಸುವುದಿಲ್ಲ. ಕೆಲಸ ಸಿಗುವುದೂ ಸಿಕ್ಕ ಕೆಲಸ ಉಳಿಯುವುದೂ ಈ ಎರಡನೆಯದರಿಂದಲೇ ಎಂಬುದು ನನ್ನ ವಾದ.

ನನ್ನೂರು ಚಾಮರಾಜನಗರ ತಾಲ್ಲೂಕಿನ ಪುಣಜನೂರು. ಬೆಂಗಳೂರು–ಕೊಯಮತ್ತೂರು ಹೆದ್ದಾರಿ ನಮ್ಮ ಚೆಕ್‌ಪೋಸ್ಟ್ ದಾಟಿ, ಹಾಸನೂರು ಹಾದು, ದಿಂಬಂ ಘಟ್ಟ ಇಳಿಯುತ್ತದೆ. ನಮ್ಮ ಕಡೆಯ ಅರಿಸಿನ ಈ ಘಟ್ಟ ಇಳಿದು ಈರೋಡ್ ಮಾರುಕಟ್ಟೆ ಸೇರುತ್ತದೆ. ಕೆಲಸ ಹುಡುಕುವ ಹುಡುಗರು ಇದೇ ಘಟ್ಟ ಇಳಿದು ಕೊಯಮತ್ತೂರು ಸೇರುತ್ತಾರೆ. 2022ರಿಂದ ದಿಂಬಂನಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಇರುವುದರಿಂದ ಇಬ್ಬರೂ ಹೊತ್ತು ನೋಡಿಕೊಂಡೇ ಹೊರಡಬೇಕು. ಪಂಪು, ಮೋಟಾರು, ಕೃಷಿ ಯಂತ್ರಗಳ ಸಣ್ಣಪುಟ್ಟ ಕಾರ್ಖಾನೆಗಳು ಅಲ್ಲಿ ಬೇಕಾದಷ್ಟಿವೆ. ಅಂಥದ್ದೊಂದರಲ್ಲಿ ನಾನು ಡಿಸೈನ್ ಟ್ರೈನಿ.

ಅರಿಸಿನದ ಪಾಲಿಶರ್ ನಮ್ಮ ಕಡೆಯವರಿಗೆ ಹೊಸತಲ್ಲ. ಬೇಯಿಸಿ ಒಣಗಿಸಿದ ಅರಿಸಿನದ ಕೊಂಬನ್ನು ಜಾಲರಿಯ ಡ್ರಮ್ಮಿಗೆ ಸುರಿದು ತಿರುಗಿಸಿದರೆ ಒಂದಕ್ಕೊಂದು ಉಜ್ಜಿಕೊಂಡು ಮೇಲಿನ ಸಿಪ್ಪೆ, ಬೇರು ಉದುರಿ ಬಣ್ಣ ಬರುತ್ತದೆ. ಹೋದ ಸಲ ಊರಿಗೆ ಹೋದಾಗ ಮಾವ ಕೇಳಿದರು: “ಒಂದೇ ಡ್ರಮ್ಮು ಕನಪ್ಪ. ಮೋಟ್ರು ಹಾಕುದ್ರ ಒಂದ್ ರೇಟು, ಟ್ಯಾಕ್ಟ್ರುಗಾದ್ರ ಇನ್ನೊಂದ್ ರೇಟು. ಬ್ಯಾರೆ ಬ್ಯಾರೆ ಮಿಷನ್ನಾ ಅವು?”

ಅಲ್ಲ, ಮಾವ ಕೇಳಿದ್ದು ಸರಿಯಾದ ಪ್ರಶ್ನೆ. ಡ್ರಮ್ಮು, ಶಾಫ್ಟು, ಬೇರಿಂಗು, ಸ್ಟ್ಯಾಂಡು, ಬಾಗಿಲು ಎಲ್ಲವೂ ಒಂದೇ. ಬೇರೆಯಾಗುವುದು ಅದನ್ನು ತಿರುಗಿಸುವ ಭಾಗ ಮಾತ್ರ. ಸಾಮಾನ್ಯ ನಾಲ್ಕು ಪೋಲಿನ ವಿದ್ಯುತ್ ಮೋಟಾರು ನಿಮಿಷಕ್ಕೆ ಸುಮಾರು 1440 ಸುತ್ತು ತಿರುಗುತ್ತದೆ, ಟ್ರ್ಯಾಕ್ಟರಿನ ಪಿಟಿಒ ಶಾಫ್ಟು 540 ಸುತ್ತು. ಡ್ರಮ್ಮಿಗೆ 30 ಸುತ್ತು ಸಾಕು ಎಂದಿಟ್ಟುಕೊಂಡರೆ ಒಂದು ಕಡೆ ವೇಗವನ್ನು 48 ಪಟ್ಟು ಇಳಿಸಬೇಕು, ಇನ್ನೊಂದು ಕಡೆ 18 ಪಟ್ಟು. ಗೇರ್‌ಬಾಕ್ಸು, ಪುಲ್ಲಿ, ಅದನ್ನು ಕೂರಿಸುವ ತಟ್ಟೆ ಇಷ್ಟು ಬದಲಾಗುತ್ತದೆ. ಡೀಸೆಲ್ ಎಂಜಿನ್ನು ಬೇಕೆಂದರೆ ಮೂರನೆಯ ರೂಪ.

ಇಲ್ಲಿ ನಮ್ಮವರು ಮಾಡುವುದು ‘ಸೇವ್ ಆ್ಯಸ್’. ಮೂರು ಯಂತ್ರಕ್ಕೆ ಮೂರು ಫೈಲ್. ನಾಳೆ ಡ್ರಮ್ಮಿನ ಬಾಗಿಲು ಎರಡಿಂಚು ದೊಡ್ಡದಾಗಬೇಕು ಎಂದು ಗ್ರಾಹಕರು ಹೇಳಿದರೆ ಮೂರೂ ಕಡೆ ತಿದ್ದಬೇಕು. ಒಂದರಲ್ಲಿ ಮರೆತರೆ ಅದು ಗೊತ್ತಾಗುವುದು ತಗಡು ಕತ್ತರಿಸಿದ ಮೇಲೆ.

ಇದಕ್ಕೆ ಇರುವ ದಾರಿಯೇ ಅಸೆಂಬ್ಲಿ ಕಾನ್ಫಿಗರೇಷನ್. ಫೈಲ್ ಒಂದೇ, ಒಳಗೆ ಮೂರು ರೂಪ. ‘ಟ್ರ್ಯಾಕ್ಟರ್’ ಎಂಬ ಹೆಸರಿನ ಮೇಲೆ ಕ್ಲಿಕ್ಕಿಸಿದರೆ ಮೋಟಾರು ಮಾಯವಾಗಿ ಪಿಟಿಒ ಗೇರ್‌ಬಾಕ್ಸು ಬಂದು ಕೂರುತ್ತದೆ. ಬಾಗಿಲನ್ನು ಒಮ್ಮೆ ತಿದ್ದಿದರೆ ಮೂರಕ್ಕೂ ತಿದ್ದಿದಂತೆ. ಸಾಲಿಡ್‌ವರ್ಕ್ಸ್‌ನಲ್ಲಿ ಇದಕ್ಕೆ ಕಾನ್ಫಿಗರೇಷನ್ ಎನ್ನುತ್ತಾರೆ, ಕ್ರಿಯೊದಲ್ಲಿ ಫ್ಯಾಮಿಲಿ ಟೇಬಲ್, ಇನ್ವೆಂಟರ್‌ನಲ್ಲಿ ಐ-ಅಸೆಂಬ್ಲಿ. ಹೆಸರು ಬೇರೆಯಾದರೂ ಮೂಲದ ಯೋಚನೆ ಒಂದೇ.

ಅದು ಹೊಸದೂ ಅಲ್ಲ. 1963ರಲ್ಲಿ ಎಂಐಟಿಯಲ್ಲಿ ಇವಾನ್ ಸದರ್‌ಲ್ಯಾಂಡ್ ತಮ್ಮ ಪಿಎಚ್.ಡಿ.ಗಾಗಿ ರೂಪಿಸಿದ ‘ಸ್ಕೆಚ್‌ಪ್ಯಾಡ್’ನಲ್ಲೇ ಮೂಲ ಚಿತ್ರವೊಂದನ್ನು ತಿದ್ದಿದರೆ ಅದರ ಎಲ್ಲ ಪ್ರತಿಗಳೂ ತಾವಾಗಿ ಬದಲಾಗುತ್ತಿದ್ದವು. ಅರವತ್ತು ವರ್ಷ ದಾಟಿದ ಮೇಲೂ ನಾವು ಕಾಪಿ-ಪೇಸ್ಟ್ ಮಾಡುತ್ತಿದ್ದೇವೆ!

ಇದರ ಜೊತೆಗೇ ಕಲಿಯಬೇಕಾದ ಇನ್ನೊಂದು, ಆಯ್ಕೆಯನ್ನು ಉಳಿಸಿಟ್ಟುಕೊಳ್ಳುವುದು. ಜಾಲರಿಯನ್ನು ಹಿಡಿದಿಡುವ 64 ಬೋಲ್ಟುಗಳನ್ನು ಒಂದೊಂದಾಗಿ ಕ್ಲಿಕ್ಕಿಸಿ ಆರಿಸುವುದು ಎಂಥ ಬೇಸರದ ಕೆಲಸ ಎಂದು ಮಾಡಿದವರಿಗೇ ಗೊತ್ತು. ಅರವತ್ತಮೂರನೆಯದರ ಹತ್ತಿರ ಕೈ ಜಾರಿ ಖಾಲಿ ಜಾಗದಲ್ಲಿ ಕ್ಲಿಕ್ಕಾದರೆ ಮತ್ತೆ ಮೊದಲಿನಿಂದ. ಸಾಲಿಡ್‌ವರ್ಕ್ಸ್‌ನ ‘ಸೆಲೆಕ್ಷನ್ ಸೆಟ್’ನಲ್ಲಿ ಒಮ್ಮೆ ಆರಿಸಿದ್ದಕ್ಕೆ ‘ಜಾಲರಿ ಬೋಲ್ಟು’ ಎಂದು ಹೆಸರಿಟ್ಟರೆ ಮುಂದೆ ಆ ಹೆಸರನ್ನು ಒತ್ತಿದಾಗಲೆಲ್ಲ ಅಷ್ಟೂ ಒಟ್ಟಿಗೆ ಸಿಗುತ್ತವೆ. ಮದುವೆ ಮನೆಯಲ್ಲಿ ‘ಗಂಡಿನ ಕಡೆಯವರು’, ‘ಬೀದಿಯವರು’ ಎಂದು ಪಟ್ಟಿ ಮಾಡಿಟ್ಟುಕೊಂಡ ಹಾಗೆ. ಒಂದು ಎಚ್ಚರ ಬೇಕು: ಆಮೇಲೆ ಸೇರಿಸಿದ ನಾಲ್ಕು ಬೋಲ್ಟು ತಾವಾಗಿ ಆ ಪಟ್ಟಿಗೆ ಬರುವುದಿಲ್ಲ, ನಾವೇ ಸೇರಿಸಬೇಕು. ಭಾಗದ ಗುಣ ನೋಡಿ ಹುಡುಕಿ ಆರಿಸುವ ಸೌಲಭ್ಯ ಬೇರೆ ಇದೆ. ಬೋಲ್ಟುಗಳಿಗೆ ಹೆಸರು, ಗುಣಗಳನ್ನು ಶಿಸ್ತಾಗಿ ಕೊಟ್ಟಿದ್ದರೆ ಮಾತ್ರ ಅದು ಕೆಲಸಕ್ಕೆ ಬರುತ್ತದೆ.

ಮಾಲೀಕರ ದುಡ್ಡು ಹೋಗುವುದು ಮಾತ್ರ ‘ಹೈಡ್’ ಮತ್ತು ‘ಸಪ್ರೆಸ್’ ಒಂದೇ ಎಂದುಕೊಂಡಾಗ. ಹೈಡ್ ಮಾಡಿದರೆ ಭಾಗ ಕಣ್ಣಿಗೆ ಕಾಣುವುದಿಲ್ಲ, ಅಷ್ಟೆ. ಅಸೆಂಬ್ಲಿಯಲ್ಲೂ ಸಾಮಗ್ರಿ ಪಟ್ಟಿಯಲ್ಲೂ ಉಳಿದೇ ಇರುತ್ತದೆ. ಸಪ್ರೆಸ್ ಮಾಡಿದರೆ ಆ ರೂಪದ ಲೆಕ್ಕದಿಂದಲೇ ಹೊರಗೆ. ನಾನು ನೋಡಿದ ಒಂದು ವರ್ಕ್‌ಶಾಪಿನಲ್ಲಿ ಟ್ರ್ಯಾಕ್ಟರ್ ಮಾದರಿಯ ಚಿತ್ರದಲ್ಲಿ ಮೋಟಾರನ್ನು ಬರೀ ಹೈಡ್ ಮಾಡಿದ್ದರು. ಚಿತ್ರ ನೋಡಿದವರಿಗೆ ಎಲ್ಲ ಸರಿಯಾಗಿಯೇ ಕಂಡಿತು. ಖರೀದಿ ವಿಭಾಗದವರು ಚಿತ್ರ ನೋಡುವುದಿಲ್ಲ, ಪಟ್ಟಿ ನೋಡುತ್ತಾರೆ. ಯಾರಿಗೂ ಬೇಡದ ಮೋಟಾರುಗಳು ಗೋಡೌನಿಗೆ ಬಂದಿಳಿದವು.

ಅಳತೆ ಬದಲಿಸುವಾಗಲೂ ಇಂಥದೇ ಅಪಾಯ. ಈ ರೂಪಕ್ಕೆ ಮಾತ್ರವೋ, ಎಲ್ಲ ರೂಪಗಳಿಗೂ ಅನ್ವಯವೋ ಎಂದು ಆರಿಸುವ ಪುಟ್ಟ ಪಟ್ಟಿ ಪಕ್ಕದಲ್ಲೇ ಇರುತ್ತದೆ. ಅದನ್ನು ಓದದೆ ‘ಓಕೆ’ ಒತ್ತುವುದು ನಮ್ಮ ಪೀಳಿಗೆಯ ಕಾಯಿಲೆ. ಹಾಗೆಂದು ಎಲ್ಲವನ್ನೂ ಒಂದೇ ಫೈಲಿಗೆ ತುರುಕುವುದೂ ಜಾಣತನವಲ್ಲ. ಫೈಲ್ ಭಾರವಾಗುತ್ತದೆ, ಒಂದು ಕೊಂಡಿ ಮುರಿದರೆ ಎಲ್ಲ ರೂಪಗಳೂ ನರಳುತ್ತವೆ. ಪಾಲಿಶರ್‌ಗೂ ಅರಿಸಿನ ಬೇಯಿಸುವ ಯಂತ್ರಕ್ಕೂ ಹಂಚಿಕೊಳ್ಳುವಂಥದ್ದು ಹೆಚ್ಚೇನೂ ಇಲ್ಲ, ಅವು ಬೇರೆ ಫೈಲ್‌ಗಳಾಗಿಯೇ ಇರಲಿ. ಎಲ್ಲಿ ಒಂದಾಗಿಸಬೇಕು, ಎಲ್ಲಿ ಬೇರೆ ಮಾಡಬೇಕು ಎಂಬುದೇ ಡಿಸೈನರ್‌ನ ತೀರ್ಮಾನ. ಕಮಾಂಡುಗಳನ್ನು ಬಾಯಿಪಾಠ ಮಾಡಿದರೆ ಅದು ಬರುವುದಿಲ್ಲ.

“ಇದನ್ನೆಲ್ಲ ಕಂಪನಿ ಸೇರಿದ ಮೇಲೆ ಅವರೇ ಕಲಿಸುತ್ತಾರೆ ಬಿಡು” ಎನ್ನುವ ಗೆಳೆಯರಿದ್ದಾರೆ. ದೊಡ್ಡ ಕಂಪನಿಯಾದರೆ ಕಲಿಸಬಹುದು. ನಮ್ಮಲ್ಲಿ ಹೆಚ್ಚಿನವರಿಗೆ ಮೊದಲ ಕೆಲಸ ಸಿಗುವುದು ಪೀಣ್ಯ, ಹೂಟಗಳ್ಳಿ, ಕೊಯಮತ್ತೂರಿನ ಇಬ್ಬರು ಮೂವರು ಡಿಸೈನರ್‌ಗಳಿರುವ ಜಾಗದಲ್ಲಿ. ಅಲ್ಲಿ ಹೇಳಿಕೊಡಲು ಯಾರಿಗೂ ಪುರುಸೊತ್ತಿರುವುದಿಲ್ಲ.

ಕಾಲೇಜಿನ ಲ್ಯಾಬಿನಲ್ಲಿ ಇದಕ್ಕೆ ಹೊಸ ಪಠ್ಯ ಬೇಕಿಲ್ಲ. ಸ್ಕ್ರೂ ಜ್ಯಾಕ್, ಪ್ಲಮ್ಮರ್ ಬ್ಲಾಕ್, ಮಷಿನ್ ವೈಸ್‌ಗಳ ಅಸೆಂಬ್ಲಿಯನ್ನು ನಾವೆಲ್ಲ ಮಾಡಿಯೇ ಬಂದಿದ್ದೇವೆ. ಒಮ್ಮೆ ಜೋಡಿಸಿ, ಪ್ರಿಂಟ್ ತೆಗೆದು, ರೆಕಾರ್ಡಿಗೆ ಅಂಟಿಸಿದರೆ ಮುಗಿಯಿತು. ಅದೇ ಪ್ಲಮ್ಮರ್ ಬ್ಲಾಕನ್ನು 40, 50, 60 ಮಿ.ಮೀ. ಶಾಫ್ಟುಗಳಿಗೆ ಒಂದೇ ಫೈಲಿನಲ್ಲಿ ಮಾಡಿ, ಮೂರಕ್ಕೂ ಸಾಮಗ್ರಿ ಪಟ್ಟಿ ತೆಗೆದು ತೋರಿಸಿ ಎಂದು ಮೇಷ್ಟ್ರು ಕೇಳಿದರೆ ಇನ್ನೊಂದು ತರಗತಿ ಸಾಕು. ಇಂಟರ್ನಲ್ಸ್‌ನ ಐದು ಅಂಕ ಇದಕ್ಕಿಟ್ಟರೆ ಹುಡುಗರು ಕಲಿಯದೆ ಎಲ್ಲಿ ಹೋಗುತ್ತಾರೆ?

ಸಾಫ್ಟ್‌ವೇರ್ ದುಬಾರಿ ಎಂಬ ಮಾತು ನಿಜ. ಅದಕ್ಕೆಂದು ಕದ್ದ ಪ್ರತಿ ಹಾಕಿಕೊಳ್ಳಬೇಕಾಗಿಲ್ಲ. ಫ್ರೀಕ್ಯಾಡ್ ಉಚಿತ, ಮುಕ್ತ ತಂತ್ರಾಂಶ. 2024ರ ನವೆಂಬರಿನಲ್ಲಿ ಬಂದ ಅದರ 1.0 ಆವೃತ್ತಿಯಲ್ಲಿ ಅಸೆಂಬ್ಲಿ ವಿಭಾಗ ಜೊತೆಗೇ ಬರುತ್ತದೆ, ಸ್ಪ್ರೆಡ್‌ಶೀಟಿನಲ್ಲಿ ಅಳತೆಗಳ ಕಾನ್ಫಿಗರೇಷನ್ ಟೇಬಲ್ ಮಾಡಬಹುದು. ದುಬಾರಿ ಸಾಫ್ಟ್‌ವೇರಿನಷ್ಟು ನಯವಾಗಿಲ್ಲ ನಿಜ, ಕಲಿಯಲು ಮಾತ್ರ ಧಾರಾಳ ಸಾಕು.

ಕಳೆದ ತಿಂಗಳು ನಮ್ಮಲ್ಲಿ ಸಂದರ್ಶನಕ್ಕೆ ಬಂದ ಹುಡುಗಿಯೊಬ್ಬಳ ಕೈಯಲ್ಲಿ ಪ್ರಮಾಣಪತ್ರ ಒಂದೇ ಇತ್ತು, ಅವಳ ಹಿಂದೆ ಕೂತವನ ಹತ್ತಿರ ನಾಲ್ಕು. ನಮ್ಮ ಸೀನಿಯರ್ ಇಬ್ಬರಿಗೂ ಒಂದೇ ಅಸೆಂಬ್ಲಿ ತೆರೆದುಕೊಟ್ಟು, ಮೋಟಾರು ತೆಗೆದು ಟ್ರ್ಯಾಕ್ಟರಿಗೆ ಮಾಡಿ ಎಂದರು. ಹುಡುಗ ನೇರವಾಗಿ ‘ಸೇವ್ ಆ್ಯಸ್’ಗೆ ಹೋದ. ಹುಡುಗಿ, “ಸರ್, ಮೋಟಾರಿನ ಮಾದರಿಯೂ ಇರಬೇಕಾ, ಇದೊಂದೇನಾ?” ಎಂದು ಮೊದಲು ಕೇಳಿದಳು. ಈಗ ನನ್ನ ಪಕ್ಕದ ಟೇಬಲ್ ಅವಳದು.