ಬೇಹಿನ ಖಾತೆಯ ಮುಖ್ಯಾಧಿಕಾರಿ

ಅಮೆರಿಕದಲ್ಲಿ ರಾಷ್ಟ್ರೀಯ ಗುಪ್ತಚಾರ ನಿರ್ದೇಶಕರಾಗತಕ್ಕವರು ಸೆನೆಟ್ ಸಮಿತಿಯ ಮುಂದೆ ಬಹಿರಂಗವಾಗಿ ಪ್ರಶ್ನೆಗಳಿಗೆ ಉತ್ತರವೀಯಬೇಕು. 2025ರ ಫೆಬ್ರವರಿಯಲ್ಲಿ ತುಲಸಿ ಗಬಾರ್ಡರಿಗೆ ದೊರೆತ ಒಪ್ಪಿಗೆ 52ಕ್ಕೆ 48 ಮತಗಳದು. ಅಧ್ಯಕ್ಷರ ಪಕ್ಷದವರೇ ಆದ ಮೆಕಾನೆಲರು ವಿರುದ್ಧವಾಗಿ ಮತವಿತ್ತರು. ನಮ್ಮಲ್ಲಾದರೋ, 1968ರಲ್ಲಿ ಹುಟ್ಟಿದ ವಿದೇಶೀ ಬೇಹಿನ ಸಂಸ್ಥೆಯಾದ 'ರಾ'ಕ್ಕೆ ಸ್ಥಾಪಕ ಶಾಸನವೇ ಇಲ್ಲ. ಅದರ ಮುಖ್ಯರನ್ನು ಮಂತ್ರಿಮಂಡಲದ ನೇಮಕ ಸಮಿತಿಯೇ ಗೊತ್ತುಮಾಡುತ್ತದೆ. ಸಿ.ಬಿ.ಐ. ನಿರ್ದೇಶಕರ ಆಯ್ಕೆಯಲ್ಲಿ ಪ್ರತಿಪಕ್ಷದ ನಾಯಕರಿಗೂ ನ್ಯಾಯಾಂಗಕ್ಕೂ ಸ್ಥಾನವುಂಟು. ಆ ಪದ್ಧತಿ ಇಲ್ಲಿಗೇಕೆ ಸಲ್ಲದು? ಬೇಹುಗಾರರ ಕಾರ್ಯವು ಗೋಪ್ಯವಾಗಿರತಕ್ಕದ್ದೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಪ್ರಜೆಗಳ ಹಣದಿಂದ ನಡೆಯುವ ಖಾತೆಯ ಮುಖ್ಯರು ಯಾವ ಯೋಗ್ಯತೆಯಿಂದ ಆರಿಸಲ್ಪಟ್ಟರೆಂಬುದೂ ಗೋಪ್ಯವೇ? 2011ರಲ್ಲಿ ಮನೀಶ್ ತಿವಾರಿಯವರು ಲೋಕಸಭೆಯಲ್ಲಿ ಮಂಡಿಸಿದ ಖಾಸಗಿ ಮಸೂದೆಯು ಶಾಸನವಾಗಲಿಲ್ಲ. ಸರಕಾರದವರೇ ಅಂತಹದೊಂದು ಮಸೂದೆಯನ್ನು ಪಾರ್ಲಿಮೆಂಟಿನ ಮುಂದಿಡಬೇಕೆಂದು ನಾವು ಒತ್ತಾಯಪಡಿಸುತ್ತೇವೆ.